ನಾಲ್ಕು ಕೈಯ ಉಪ್ಪು

ಚಳಿಗಾಲದ ಜ್ವರ ನನ್ನ ನಾಲಿಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಹೊತ್ತುಕೊಂಡು ಹೋಯಿತು. ಸಿಟ್ಟನ್ನು ಮಾತ್ರ ಬಿಟ್ಟು ಹೋಯಿತು. ಬೀದಿಯವರು ನನ್ನನ್ನು ಪಟಾಕಿ ಎಂದು ಕರೆಯುವುದು ಸುಮ್ಮನೆ ಅಲ್ಲ.

ವಸಂತದ ಹಬ್ಬಕ್ಕೆ ನಮ್ಮ ಬೀದಿಯ ಮನೆಮನೆಗೂ ನನ್ನ ಕೈಯ ಚಾಕೊಲೇಟ್ ಹೋಗಬೇಕು. ನಾನು ಹುಡುಗಿಯಾಗಿದ್ದಾಗಿನಿಂದ ನಡೆದುಬಂದದ್ದು ಅದು. ಈ ಸಲ ಹಬ್ಬದ ಹಿಂದಿನ ದಿನ ಬೆಳಿಗ್ಗೆಯೇ ತಮ್ಮನ ಹೆಂಡತಿ ಬೆಣ್ಣೆಯಂಥ ಮಾತು ತೆಗೆದಳು.

"ಅಕ್ಕ, ಈ ವರ್ಷ ಅಂಗಡಿ ಡಬ್ಬ ತರಿಸಿಬಿಡೋಣ. ನೀವು ಆರಾಮಾಗಿ ಕೂತ್ಕೊಳ್ಳಿ."

"ನಾನೇನು ಹಾಸಿಗೆ ಹಿಡಿದಿದೀನಾ? ರುಚಿ ಹೋಗಿದೆ, ಕೈ ಹೋಗಿಲ್ಲ."

ತಮ್ಮ ಪೇಪರಿನ ಹಿಂದೆ ಅಡಗಿದ. ಕೊನೆಗೆ ಅಮ್ಮನೇ ತೀರ್ಪು ಕೊಟ್ಟಳು. "ಮಾಡ್ಲಿ ಬಿಡು. ಸಾಯಂಕಾಲ ತಿಂದು ನೋಡೋಣ. ಸರಿಯಾಗಿದ್ರೆ ತಟ್ಟೆ ಹೊರಡ್ಲಿ. ಇಲ್ಲಾಂದ್ರೆ ಇನ್ಮೇಲೆ ಅಂಗಡಿದೇ."

ಇನ್ಮೇಲೆ ಎಂಬ ಮಾತು ಎದೆಗೆ ನಾಟಿತು. ಈ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇರುವುದು ಇದೊಂದೇ ಕೆಲಸ. ಇದೂ ಹೋದರೆ ಮೂಲೆಯಲ್ಲಿ ಕೂತು ಹೊತ್ತುಹೊತ್ತಿಗೆ ಮಾತ್ರೆ ನುಂಗುವುದಷ್ಟೇ ನನಗುಳಿಯುವುದು. ಅದಕ್ಕೆ ನಾನು ತಯಾರಿರಲಿಲ್ಲ, ಈಗಲೂ ಇಲ್ಲ.

ಅಡುಗೆಮನೆಗೆ ಹೋಗಿ ಸಕ್ಕರೆಯನ್ನು ಒಲೆಯ ಮೇಲಿಟ್ಟೆ. ಅದು ಕರಗಿ ಜೇನಿನ ಬಣ್ಣಕ್ಕೆ ಬಂದಾಗ ಬೆಣ್ಣೆ, ಕೆನೆ ಹಾಕಿ ಕದಡಿದೆ. ಇದು ಒಳಗೆ ತುಂಬುವ ಕ್ಯಾರಮೆಲ್. ಇದಕ್ಕೆ ಒಂದು ಚಿಟಿಕೆ ಉಪ್ಪು ಬೀಳಬೇಕು, ಆದರೆ ನಾನು ಬಿಸಿಯಲ್ಲಿ ಹಾಕುವವಳಲ್ಲ. ಪೂರ್ತಿ ಆರಿದ ಮೇಲೆ ಕಟ್ಟಕಡೆಗೆ ಹಾಕಿದರೆ ಉಪ್ಪಿನ ಹರಳು ಕರಗದೆ ಉಳಿದು ಹಲ್ಲಿಗೆ ಸಿಗುತ್ತದೆ. ನನ್ನ ಚಾಕೊಲೇಟಿನ ಗುಟ್ಟೇ ಅಷ್ಟು. ಕ್ಯಾರಮೆಲ್ಲನ್ನು ಆರಲು ಕಟ್ಟೆಯ ಮೇಲಿಟ್ಟು, ಅಚ್ಚುಗಳನ್ನು ತೊಳೆದು ಒಣಗಿಸಲು ಹಿತ್ತಲಿಗೆ ಹೋದೆ. ಅಚ್ಚಿನಲ್ಲಿ ಒಂದು ಹನಿ ನೀರು ಉಳಿದರೂ ಚಾಕೊಲೇಟ್ ಕೆಡುತ್ತದೆ.

ನಾನು ಹಿತ್ತಲಲ್ಲಿದ್ದಷ್ಟು ಹೊತ್ತು ಒಳಗೆ ಓಡಾಟವೋ ಓಡಾಟ. ತಮ್ಮ ನೀರು ಕುಡಿಯಲು ಬಂದ. ಅವನ ಹೆಂಡತಿಗೆ ಯಾವುದೋ ಲೋಟ ಬೇಕಾಗಿತ್ತು. ಮಂಡಿನೋವಿನ ಅಮ್ಮನೂ ಗೋಡೆ ಹಿಡಿದು ಬಂದು ಹೋದಳು. ನನ್ನ ಮೇಲೆ ಕಣ್ಣಿಡಲು ಬರುತ್ತಿದ್ದಾರೆಂದು ಹಲ್ಲು ಕಚ್ಚಿಕೊಂಡೆ.

ಒಳಗೆ ಬಂದು ಆರಿದ ಕ್ಯಾರಮೆಲ್ಲಿಗೆ ನನ್ನ ಚಿಟಿಕೆ ಉಪ್ಪು ಹಾಕಿದೆ. ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಚಾಕೊಲೇಟ್ ಕರಗಿಸಿ, ಕದಡುತ್ತಾ ಆರಿಸಿ, ಒಂದು ಬೊಟ್ಟು ಕೆಳತುಟಿಗೆ ಮುಟ್ಟಿಸಿ ನೋಡಿದೆ. ತುಟಿಗೆ ಬಿಸಿ ತಾಗಬಾರದು, ತುಸು ತಂಪೇ ಅನಿಸಬೇಕು. ಹಾಗೇ ಅನಿಸಿತು. ಜ್ವರ ನನ್ನ ತುಟಿಯನ್ನು ಕೊಂಡೊಯ್ದಿರಲಿಲ್ಲವಲ್ಲ. ಅಚ್ಚಿಗೆ ಹುಯ್ದು, ನಡುವೆ ಕ್ಯಾರಮೆಲ್ ತುಂಬಿ ಗಟ್ಟಿಯಾಗಲು ಬಿಟ್ಟೆ.

ಸಾಯಂಕಾಲ ಮೂವರೂ ಮೇಜಿನ ಮುಂದೆ ಕೂತರು. ಒಬ್ಬೊಬ್ಬರಿಗೆ ಒಂದೊಂದು ಕೊಟ್ಟೆ. ಕಚ್ಚಿದಾಗ ಟಕ್ಕೆಂದು ಸದ್ದಾಯಿತು, ನನ್ನ ಎದೆ ಹಗುರಾಯಿತು.

"ಚೆನ್ನಾಗಿದೆ ಮಗಳೇ," ಎಂದಳು ಅಮ್ಮ, ಗೋಡೆ ನೋಡುತ್ತಾ.

"ಸೂಪರ್ ಅಕ್ಕ," ಎಂದ ತಮ್ಮ.

ಅವನ ಹೆಂಡತಿ ಜಗ್ ಎತ್ತಿ ಲೋಟಕ್ಕೆ ನೀರು ಬಗ್ಗಿಸಿಕೊಂಡು ಗಟಗಟ ಕುಡಿದಳು. ಆಮೇಲೆ ತಮ್ಮ ಕುಡಿದ. ಅಮ್ಮ ಕೈ ಚಾಚುವ ಹೊತ್ತಿಗೆ ಜಗ್ ಬರಿದಾಗಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ?

"ಉಪ್ಪಾಗಿದೆ ಅಲ್ವಾ?" ಎಂದೆ.

ಮೂರೂ ಮುಖ ಹುಳ್ಳಗಾದವು.

"ಯಾರು ಹಾಕಿದ್ದು?"

"ನಾನು ಒಂದೇ ಒಂದು ಚಿಟಿಕೆ," ಎಂದ ತಮ್ಮ. "ರುಚಿ ನೋಡಿದೆ, ಉಪ್ಪೇ ಇರ್ಲಿಲ್ಲ. ನೀನು ಮರೆತಿದೀಯ ಅಂದ್ಕೊಂಡೆ."

ಅವನ ಹೆಂಡತಿ ಅವನತ್ತ ತಿರುಗಿದಳು. "ಅಯ್ಯೋ, ನೀವೂ ಹಾಕಿದ್ರಾ? ನಾನು ನಿಮ್ಮ ಹಿಂದೆನೇ ಬಂದು, ರುಚಿನೂ ನೋಡದೆ ಹಾಕಿ ಕದಡಿದ್ದೆ."

"ಉಪ್ಪು ಮರೆತಿರ್ತಾಳೆ ಅಂತ ನಾನೂ ಸ್ವಲ್ಪ..." ಎಂದು ಅಮ್ಮ ಸೆರಗಿನ ಅಂಚು ಹಿಡಿದುಕೊಂಡಳು. "ನಂಗೆ ಕಣ್ಣು ಮಂಜು, ಸ್ವಲ್ಪ ಎಷ್ಟಾಯ್ತೋ ಏನೋ."

ನನಗೆ ನಗು ಬರಬೇಕಿತ್ತು. ಬಂದದ್ದು ಸಿಟ್ಟು. "ಇಷ್ಟು ವರ್ಷ ಚಪ್ಪರಿಸಿಕೊಂಡು ತಿಂದ್ರಿ. ಉಪ್ಪು ಕೊನೇಲಿ ಬೀಳತ್ತೆ ಅಂತ ಒಬ್ಬರಿಗಾದ್ರೂ ಗೊತ್ತಾ? ಒಬ್ಬರಾದ್ರೂ ನಿಂತು ನೋಡಿದೀರಾ? ಈಗ ಮಾತ್ರ ಕದ್ದು ಬಂದು ತಿದ್ದೋದು. ಕೆಟ್ಟ ಮೇಲೆ ಬಾಯಿ ಸುಟ್ಟುಕೊಂಡು ‘ಚೆನ್ನಾಗಿದೆ’ ಅನ್ನೋದು. ನಂಗೆ ರುಚಿ ಹೋಗಿರೋದು, ಬುದ್ಧಿ ಹೋಗಿಲ್ಲ."

"ಬೇಜಾರ್ ಮಾಡ್ಕೋಬೇಡಿ ಅಕ್ಕ," ಎಂದು ತಮ್ಮನ ಹೆಂಡತಿ ಮೆಲ್ಲಗೆ ಹೇಳಿದಳು. "ಅಂಗಡಿ ಇನ್ನೂ ತೆಗೆದಿರತ್ತೆ..."

"ಅಂಗಡಿ ಮಾತು ಎತ್ತಿದ್ರೆ ನೋಡು. ಎದ್ದು ಬನ್ನಿ, ಮೂವರೂ."

ಮೂರು ಕುರ್ಚಿ ಎಳೆದು ಅಡುಗೆಮನೆಯ ಬಾಗಿಲಲ್ಲಿ ಹಾಕಿದೆ. ಉಪ್ಪಿನ ಡಬ್ಬಿಯನ್ನು ನನ್ನ ಸೊಂಟಕ್ಕೇ ಕಟ್ಟಿಕೊಂಡೆ. ಸಕ್ಕರೆ ಕರಗುವುದನ್ನು, ಅದು ಆರುವುದನ್ನು, ಕೊನೆಗೆ ಒಂದೇ ಚಿಟಿಕೆ ಬೀಳುವುದನ್ನು ಮೂವರೂ ಬಾಯಿ ಮುಚ್ಚಿಕೊಂಡು ನೋಡಿದರು. ಅಚ್ಚಿಗೆ ಹುಯ್ದೆ, ಗಟ್ಟಿಯಾಗಲು ಬಿಟ್ಟೆ, ಅಮ್ಮನ ಕೈಗೆ ಮೊದಲನೆಯದನ್ನು ಕೊಟ್ಟೆ.

"‘ಚೆನ್ನಾಗಿದೆ’ ಅಂತ ಮಾತ್ರ ಹೇಳ್ಬೇಡ. ಅದು ರೋಗಿಗೆ ಹೇಳೋ ಮಾತು. ನಂಗೆ ನಿಜ ಬೇಕು."

ಅಮ್ಮ ನಿಧಾನವಾಗಿ ಅಗಿದಳು. ತಮ್ಮ ಅವಳಿಗೆ ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದ. ಅವಳು ಅವನತ್ತ ನೋಡಲೇ ಇಲ್ಲ.

"ಉಪ್ಪು ಸರಿಯಾಗಿದೆ," ಎಂದಳು. "ಸಕ್ಕರೆ ಹೊತ್ತಿದೆ. ಕಹಿ."

ಹೌದು, ದೀಪದ ಹಳದಿ ಬೆಳಕಿನಲ್ಲಿ ಸಕ್ಕರೆಯ ಬಣ್ಣ ನನಗೆ ಮೋಸ ಮಾಡಿತ್ತು. ಹೊತ್ತಿದ ವಾಸನೆ ಬಂದಿದ್ದರೂ ನನ್ನ ಮೂಗಿಗೆ ಅದು ತಿಳಿಯುವಂತಿರಲಿಲ್ಲ. ಅಷ್ಟು ಹೊತ್ತು ಅಲ್ಲೇ ಕೂತಿದ್ದ ಮೂರು ಮೂಗುಗಳಲ್ಲಿ ಒಂದೂ ಬಾಯಿ ಬಿಟ್ಟಿರಲಿಲ್ಲ.

"ವಾಸನೆ ಬಂದಾಗ್ಲೇ ಯಾಕೆ ಹೇಳ್ಲಿಲ್ಲ?"

"ನಿಮಗೆ ನೋವಾಗತ್ತೆ ಅಂತ," ಎಂದಳು ತಮ್ಮನ ಹೆಂಡತಿ. ಅವಳ ಕಣ್ಣು ತುಂಬಿತ್ತು.

"ಹೇಳದೇ ಇದ್ದಿದ್ದಕ್ಕೇ ನೋವಾಗಿರೋದು ನಂಗೆ. ಜ್ವರ ಬಂದಾಗಿನಿಂದ ಈ ಮನೇಲಿ ಒಬ್ಬರೂ ನನ್ನ ಬೈದಿಲ್ಲ." ಸೊಂಟದ ಉಪ್ಪಿನ ಡಬ್ಬಿಯನ್ನು ಬಿಚ್ಚಿ ಕಟ್ಟೆಯ ಮೇಲಿಟ್ಟೆ. "ನಾಲಿಗೆ, ಮೂಗು ನಿಮ್ಮದಿರ್ಲಿ. ಕೈ ನಂದು. ನಾಳೆ ತಟ್ಟೆ ಹೋಗತ್ತೆ."

ಅಮ್ಮ ಉಳಿದರ್ಧವನ್ನು ತಟ್ಟೆಗೆ ಹಾಕಿದಳು.

"ಇದಂತೂ ಹೋಗಲ್ಲ," ಎಂದಳು. "ಮತ್ತೆ ಮಾಡು. ಈ ಸಲ ಉರಿ ಸಣ್ಣಗಿಡು, ಎಷ್ಟು ಸಲ ಹೇಳೋದು ನಿಂಗೆ?" ಸೊಸೆಯತ್ತ ತಿರುಗಿದಳು. "ನೀನು ಕುರ್ಚಿ ಒಲೆ ಹತ್ರ ಹಾಕ್ಕೋ. ಹೊತ್ತಿದ ವಾಸನೆ ಬಂದ ತಕ್ಷಣ ಕೂಗು."

ನಾನು ಪಾತ್ರೆ ತೊಳೆದು ಒರೆಸಿ, ಸಕ್ಕರೆ ಸುರಿದು, ಒಲೆ ಹಚ್ಚಿದೆ.