ಕದಲದ ಮಸುಕು

ನಡುರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಟಿಣ್ ಎಂದಿತು. ಬಾಹ್ಯಾಕಾಶದ ದೂರದರ್ಶಕ ತೆಗೆದ ಹೊಸ ಚಿತ್ರ ಬಂದಿತ್ತು. ಸಂಶೋಧಕಿ ನೀರಿನ ಲೋಟವನ್ನು ದೂರ ಸರಿಸಿ, ಪರದೆಯಲ್ಲಿ ಹೊಸ ಚಿತ್ರವನ್ನು ಆರು ವರ್ಷ ಹಳೆಯ ಚಿತ್ರದ ಮೇಲೆ ಕೂರಿಸಿದಳು.

ಹತ್ತಿರದ ಆ ನಕ್ಷತ್ರದ ಸುತ್ತ ತಣ್ಣನೆಯ ಧೂಳಿನ ತಟ್ಟೆಯೊಂದಿದೆ ಎಂದು ವಿಭಾಗದ ಮುಖ್ಯಸ್ಥರು ಬೆಳಿಗ್ಗೆ ಪತ್ರಕರ್ತರಿಗೆ ಹೇಳುವವರಿದ್ದರು. ಅಷ್ಟು ತಣ್ಣನೆಯ ಧೂಳು ಕಣ್ಣಿಗೆ ಕಾಣುವುದಿಲ್ಲ. ಅವಕೆಂಪು ಬೆಳಕಿನಲ್ಲಿ ಮಸುಕಾಗಿ ಹೊಳೆಯುತ್ತದೆ, ಅಷ್ಟೆ. ಆ ಮಸುಕನ್ನು ಮೊದಲು ಅಳೆದವಳು ಇವಳೇ. ನಕ್ಷತ್ರದ ಹಿಂದೆ ಎಷ್ಟೋ ದೂರದಲ್ಲಿರುವ ಗ್ಯಾಲಕ್ಸಿಯೂ ಹೀಗೇ ಕಾಣಬಹುದು, ಇನ್ನೊಂದು ಚಿತ್ರ ಬರಲಿ ಎಂದು ಹಟ ಹಿಡಿದವಳೂ ಇವಳೇ. ಅದಕ್ಕೇ ಆ ಧೂಳಿನ ಬಗೆಗಿನ ಸಂಶೋಧನಾ ಪ್ರಬಂಧದಿಂದ ಇವಳ ಹೆಸರು ಹೋಗಿ, ಆ ಜಾಗಕ್ಕೆ ಮುಖ್ಯಸ್ಥರ ಅಳಿಯ ಬಂದಿದ್ದ. ಅವನಿಗೆ ದೂರದರ್ಶಕದ ಯಾವ ತುದಿಗೆ ಕಣ್ಣಿಡಬೇಕೆಂದೂ ಗೊತ್ತಿಲ್ಲ ಎಂದು ಕ್ಯಾಂಟೀನಿನಲ್ಲಿ ಎಲ್ಲರೂ ನಗುತ್ತಿದ್ದರು. ಸಭೆಯಲ್ಲಿ ಮಾತ್ರ ಯಾರೂ ತುಟಿ ಬಿಚ್ಚಿರಲಿಲ್ಲ.

ಈಗ ಪರದೆಯ ಮೇಲೆ ನಕ್ಷತ್ರ ಆರು ವರ್ಷದಲ್ಲಿ ಒಂದಿಷ್ಟು ಎಡಕ್ಕೆ ಸರಿದಿತ್ತು. ಧೂಳಾಗಿದ್ದರೆ ಅದರ ಜೊತೆಗೇ ಸರಿಯಬೇಕಿತ್ತು. ಮಸುಕು ಇದ್ದಲ್ಲೇ ಇತ್ತು.

ಸಿಟ್ಟು ಎಷ್ಟಿದ್ದರೂ ಅವಳು ಫೋನ್ ಮಾಡಿದಳು. ಹೊಸ ಚಿತ್ರ ಬಂದಿದೆ, ಬೆಳಗಿನ ಪತ್ರಿಕಾಗೋಷ್ಠಿ ನಿಲ್ಲಿಸಿ ಎಂದಳು. ಮುಖ್ಯಸ್ಥರು ಪೂರ್ತಿ ಕೇಳಲಿಲ್ಲ.

"ಮತ್ತೆ ಶುರುವಾಯ್ತಾ? ಮೊಸರಲ್ಲಿ ಕಲ್ಲು ಹುಡುಕೋದು ಬಿಡಮ್ಮ. ಹೆಸರು ಹೋಯ್ತು ಅಂತ ಹೊಟ್ಟೆಕಿಚ್ಚು ನಿಂಗೆ. ಹೋಗಿ ಮಲ್ಕೋ."

"ಒಂದೇ ಒಂದು ಸಲ ನೋಡಿ ಸರ್."

"ನಿನ್ನ ಚಿತ್ರ ನೀನೇ ಇಟ್ಕೋ."

ಫೋನ್ ಕಟ್ಟಾಯಿತು. ಇಟ್ಟುಕೊಳ್ಳಬಹುದಿತ್ತು. ದೂರದರ್ಶಕದ ಸಮಯವನ್ನು ಕೇಳಿ ಪಡೆದವಳು ಅವಳು. ಪದ್ಧತಿಯಂತೆ ಒಂದು ವರ್ಷ ಅವಳ ಹೊರತು ಯಾರೂ ಆ ಚಿತ್ರವನ್ನು ತೆರೆಯುವಂತಿರಲಿಲ್ಲ. ಆಮೇಲೆ ಜಗತ್ತೇ ನೋಡುತ್ತದೆ. ಅಷ್ಟರೊಳಗೆ ಭಾಷಣಗಳಾಗುತ್ತವೆ, ಹಾರ ತುರಾಯಿ ಆಗುತ್ತವೆ, ಅಳಿಯನ ಕೆಲಸ ಕಾಯಂ ಆಗುತ್ತದೆ. ಆಗಲಿ. ಏರುವಷ್ಟು ಏರಲಿ, ಏರಿದಷ್ಟೂ ಬೀಳುವುದು ಜೋರು. ಪ್ರಬಂಧ ಅಚ್ಚು ಹಾಕುವ ಸಂಪಾದಕರಿಗೆ ಒಂದು ಸಾಲು ಬರೆದರೆ ಎಲ್ಲ ಅಲ್ಲೇ ನಿಲ್ಲುತ್ತಿತ್ತು. ಅವಳು ಬರೆಯಲಿಲ್ಲ.

ಒಳಕೋಣೆಯಿಂದ ಅಮ್ಮ ಕೇಳಿದಳು: "ಏನೇ, ಬಂತಾ ನಿನ್ನ ಚಿತ್ರ?"

"ಇಲ್ಲಮ್ಮ. ಯಾವಾಗ ಬರುತ್ತೋ."

ದೀಪ ಆರಿಸಿ, ಮುಚ್ಚಿದ ಲ್ಯಾಪ್‌ಟಾಪಿನ ಮೇಲೆ ಅಂಗೈ ಇಟ್ಟುಕೊಂಡು, ಅದರ ಬಿಸಿ ಆರುವವರೆಗೂ ಅವಳು ಕತ್ತಲಲ್ಲೇ ಕುಳಿತಿದ್ದಳು.