ಮೊಹಾಪಿಗೆ ಕೊನೆಯ ಸುತ್ತು

ದಕ್ಷಿಣ ಆಫ್ರಿಕಾದ ನಮ್ಮ ಸೊವೆಟೊದಲ್ಲಿ, ಬುಗುರಿಯಂತೆ ಕಾರು ಸುತ್ತಿಸುವ ಆಟದಲ್ಲಿ ಹೆಸರು ಮಾಡಿದವನನ್ನು ಅವನ ಕಾರೇ ಶವಪೆಟ್ಟಿಗೆಯ ಮುಂದೆ ಗಿರಗಿರ ಸುತ್ತಿ ಕಳಿಸಿಕೊಡಬೇಕು. ನನ್ನ ಭಾವ ಮೊಹಾಪಿ ಸಾಯುವ ಮೊದಲು ಕೇಳಿಕೊಂಡದ್ದೂ ಅದೊಂದನ್ನೇ. ಶನಿವಾರ ಮಣ್ಣು. ಶುಕ್ರವಾರ ಮಧ್ಯಾಹ್ನ ಅವನ ಮಗ ಪಿತ್ಸೊ ನನ್ನ ಗ್ಯಾರೇಜಿಗೆ ಬಂದ.

"ಮಾವ, ಗಾಡಿ ಸುತ್ತುತಾನೇ ಇಲ್ಲ."

ಅಪ್ಪನ ಗಾಡಿ ಚೆಂದ ಕಾಣಲಿ ಎಂದು ನಾಲ್ಕೂ ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ್ದನಂತೆ. ಕಾರು ಸುತ್ತಿಸುವ ಬಯಲಿಗೆ ಹೋಗಿ ಅವನ ಪಕ್ಕದ ಸೀಟಿನಲ್ಲಿ ಕೂತೆ. ಮೊದಲೆಲ್ಲ ಆಕ್ಸಿಲರೇಟರ್ ತುಸು ಒತ್ತಿದರೆ ಸಾಕು, ಹಿಂಭಾಗ ಹೊರಕ್ಕೆ ಜಾರುತ್ತಿತ್ತು. ಈಗ ನೆಲ ಕಚ್ಚಿಕೊಂಡು, ಸ್ಟಿಯರಿಂಗ್ ತಿರುಗಿಸಿದಷ್ಟೇ ತಿರುಗುತ್ತಿತ್ತು. ಪಿತ್ಸೊ ಇನ್ನಷ್ಟು ಒತ್ತಿದ. ಹಿಂದೆ ದಡ್ ಎಂದಿತು. ಕಾರು ಒಮ್ಮೆಗೇ ಚಾಟಿಯಂತೆ ಬೀಸಿ ಬೇಲಿಯ ಹತ್ತಿರ ಹೋಗಿ ನಿಂತಿತು. ನಾಳೆ ಜನ ನಿಲ್ಲುವ ಜಾಗ ಅದು.

"ಅಪ್ಪನಿಗೆ ಸಿಟ್ಟು ಬಂದಿದ್ಯಾ ಮಾವ?"

"ಸ್ಪ್ರಿಂಗ್ ಕತ್ತರಿಸಿದ್ದಕ್ಕೆ ಬಂದಿದ್ರೂ ಬಂದಿರಬಹುದು."

ಕೆಳಗೆ ಮಲಗಿ ನೋಡಿದೆ. ಹಿಂದಿನ ಚಕ್ರದ ಮೇಲಿನ ರಬ್ಬರ್ ತಡೆ ಜಜ್ಜಿಹೋಗಿತ್ತು. ಸ್ಪ್ರಿಂಗ್ ಕುಗ್ಗಲು ಜಾಗ ಸಾಲದೆ ಅಲ್ಲಿ ಬಡಿದು ಟೈರು ಹಿಡಿತ ಬಿಟ್ಟಿದೆ, ಅಷ್ಟು ತಿಳಿಯಿತು. ಅದಕ್ಕೆ ಮೊದಲು ಹಾಗೆ ಕಚ್ಚಿಕೊಂಡದ್ದು ಯಾಕೆ? ತಗ್ಗಿಸಿದ್ದಕ್ಕೋ, ಮೊಹಾಪಿಯ ಭಾರಿ ಮೈ ಸೀಟಿನಲ್ಲಿ ಇಲ್ಲದ್ದಕ್ಕೋ? ಅವನ ಪಕ್ಕ ಎಷ್ಟೋ ವರ್ಷ ಕೂತ ನನಗೂ ಬಗೆಹರಿಯಲಿಲ್ಲ.

ನನ್ನದೂ ಅದೇ ಜಾತಿಯ ಕಾರು. ಅದರ ಹಿಂದಿನ ಎರಡು ಸ್ಪ್ರಿಂಗ್ ಬಿಚ್ಚಿ ಮೊಹಾಪಿಯ ಕಾರಿಗೆ ಹಾಕಿದೆ. ಮೂತಿ ತಗ್ಗಿ, ಹಿಂಭಾಗ ಎತ್ತರವಾಯಿತು. ಬಯಲಲ್ಲಿ ಒಂದು ಸುತ್ತು ನೋಡಿದೆವು, ಸರಾಗವಾಗಿ ಜಾರಿತು. ಮನೆ ಮುಂದೆ ತಂದು ನಿಲ್ಲಿಸಿದಾಗ ಪಿತ್ಸೊನ ತಾಯಿ, ನನ್ನ ತಂಗಿ ಮಾಪಿತ್ಸೊ ಸೌಟು ಹಿಡಿದೇ ಹೊರಗೆ ಬಂದಳು.

"ಇದೇನಣ್ಣ, ಹುಲ್ಲು ಮೇಯೋ ಟಗರಿನ ಹಂಗೆ ನಿಂತಿದೆ. ನಿನ್ ಭಾವ ನೋಡಿದ್ರೆ ಪೆಟ್ಟಿಗೆಯಿಂದ ಎದ್ದು ಬರ್ತಾರೆ."

"ಬರ್ಲಿ. ಅವನೇ ಓಡಿಸ್ಲಿ."

ಗಂಡ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ಪೆಟ್ಟಿಗೆಯನ್ನು ಬಯಲಿಗೆ ತಂದರು. ಪಿತ್ಸೊ ಸುತ್ತಿಸಿದ. ಕಾರಿನ ಹಿಂಭಾಗ ಅಪ್ಪನ ಕಾಲದ ಹಾಗೇ ಮೆಲ್ಲಗೆ ಹೊರಕ್ಕೆ ಜಾರಿತು, ಟೈರಿನ ಹೊಗೆ ಪೆಟ್ಟಿಗೆಯನ್ನು ಮುಚ್ಚಿತು, ಜನ ಸಿಳ್ಳೆ ಹಾಕಿದರು. ಕಾರು ಬೇಲಿಯ ಕಡೆಗೆ ಒಮ್ಮೆಯೂ ಹೋಗಲಿಲ್ಲ.

ನನ್ನ ಕಾರು ಸ್ಪ್ರಿಂಗ್ ಇಲ್ಲದೆ ಕಲ್ಲಿನ ಮೇಲೆ ಕೂತಿದ್ದರಿಂದ ಸ್ಮಶಾನಕ್ಕೆ ಬಸ್ಸಿನಲ್ಲಿ ಹೋದೆ. ಪಕ್ಕದಲ್ಲಿ ತಂಗಿ.

"ಎಲ್ಲಾ ತಗ್ಗಿಸಿದ್ರೆ ಸುತ್ತಲ್ಲ, ಹಿಂದೆ ಎತ್ತಿದ್ರೆ ಸುತ್ತುತ್ತೆ. ಅದ್ಯಾಕಣ್ಣ ಹಂಗೆ?"

ಕಿಟಕಿಯಾಚೆ, ಪೆಟ್ಟಿಗೆ ಹೊತ್ತು ಮುಂದೆ ಹೋಗುತ್ತಿದ್ದ ಕಪ್ಪು ಗಾಡಿಯನ್ನು ನೋಡಿದೆ.

"ಅವನನ್ನೇ ಕೇಳ್ಬೇಕಿತ್ತು," ಎಂದೆ.