ವಾಲ್ವ್ ಕಡೆಗೇ ಹಾಕು

ಕೆಂಪಯ್ಯನವರ ಕಾರಿನಲ್ಲಿ ಟೈರಿನ ಗಾಳಿ ಇಳಿದಿದೆ ಎಂದು ಹೇಳುವ ಹಳದಿ ಲೈಟು ಹೊತ್ತಿಕೊಂಡಾಗ ಸ್ಟೇರಿಂಗ್ ಹಿಡಿದಿದ್ದವನು ಅಳಿಯ ಗಂಗಾಧರ್. ಅವನ ತಪ್ಪು ಅಷ್ಟೇ. ಗಾಳಿ ಸರಿಯಾಗಿಯೇ ಇತ್ತು, ಚಕ್ರದೊಳಗೆ ಕೂತು ಅದನ್ನು ಅಳೆಯುವ ಸೆನ್ಸರ್ ಕೆಟ್ಟಿತ್ತು. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಮರಳೂರಿನ ಆ ಮನೆಯ ಪದ್ಧತಿ. ಬರೆಗೆ ಮನೆಯಳಿಯನಿಗಿಂತ ಒಳ್ಳೆಯ ಎಮ್ಮೆ ಎಲ್ಲಿ ಸಿಗಬೇಕು?

"ಆ ಲೈಟು ಆರೋಗಂಟ ಗಾಡಿ ಗೇಟ್ ದಾಟಂಗಿಲ್ಲ" ಎಂದರು ಕೆಂಪಯ್ಯ.

ಸೋಮವಾರ ಗಂಗಾಧರನ ತಾಯಿ ಚಿಕ್ಕಗಂಗಮ್ಮನಿಗೆ ತುಮಕೂರಿನಲ್ಲಿ ಕಣ್ಣಿನ ಆಪರೇಷನ್. ಆಕೆ ಇರುವುದು ಯಡಿಯೂರಿನಲ್ಲಿ, ಮಗಳ ಮನೆಯಲ್ಲಿ. ಹೋದ ವರ್ಷ ಕುಣಿಗಲ್ ಸ್ಟ್ಯಾಂಡಿನಲ್ಲಿ ಮೆಟ್ಟಿಲು ಕಾಣದೆ ಬಸ್ಸಿನಿಂದ ಬಿದ್ದ ಮೇಲೆ, ಸತ್ತರೂ ಬಸ್ ಹತ್ತುವುದಿಲ್ಲ ಎಂದು ಕೂತುಬಿಟ್ಟಿದ್ದಳು. "ಕಾರಲ್ಲೇ ಕರ್ಕೊಂಡೋಯ್ತೀನಿ ಕಣವ್ವ" ಎಂದು ಮಗ ಮಾತು ಕೊಟ್ಟಿದ್ದ. ಒಂದು ದಿನದ ಮಟ್ಟಿಗೆ ಕಾರು ಕೊಡಿ ಎಂದು ಮಾವನ ಹಿಂದೆ ಸುತ್ತಿ ಸುತ್ತಿ, ಅಂತೂ ಹ್ಞೂಂ ಅನ್ನಿಸಿಕೊಂಡಿದ್ದ.

ಸೆನ್ಸರನ್ನು ಆನ್‌ಲೈನಿನಲ್ಲಿ ತಾನೇ ತರಿಸಿದ. ಟೈರ್ ಅಂಗಡಿಗೆ ಒಯ್ಯೋಣವೆಂದರೆ ಮಾವ ಕಣ್ಣು ಬಿಟ್ಟರು. "ಗುಬ್ಬಿ ತೋಟದಲ್ಲಿ ಟ್ರಾಕ್ಟರ್ ಟೈರು ಬಿಚ್ಚಿ ಹಾಕ್ದೋನು ಕಣಯ್ಯ ನಾನು. ಇದ್ಯಾವ ಬೊಂಬೆ ಚಕ್ರ!"

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕೆಲಸ ಶುರುವಾಯಿತು. ಕೆಲಸವೆಂದರೆ, ಗಂಗಾಧರ್ ಬೆವರುವುದು, ಕೆಂಪಯ್ಯ ಕುರ್ಚಿಯಲ್ಲಿ ಕೂತು ಹೇಳುವುದು. ಪಕ್ಕದ ಮನೆಯ ವೀರಭದ್ರಯ್ಯನವರೂ ಬಂದು ಇನ್ನೊಂದು ಕುರ್ಚಿ ತುಂಬಿದರು. ಬಿಟ್ಟಿ ತಮಾಷೆ ಯಾರಿಗೆ ಬೇಡ? ಗಂಗಾಧರ್ ಹಾರೆ ಹಾಕಿ ಟೈರು ಬಿಡಿಸಿದ, ಹಳೆಯ ಸೆನ್ಸರ್ ತೆಗೆದ, ಹೊಸದನ್ನು ಮಗುವಿಗೆ ಓಲೆ ಹಾಕುವಷ್ಟು ನಯವಾಗಿ ಕೂರಿಸಿದ. ಟೈರನ್ನು ಮತ್ತೆ ಚಕ್ರಕ್ಕೆ ಏರಿಸುತ್ತ ಬಂದಾಗ, ಕೊನೆಯ ಒಂದು ಗೇಣು ಉಳಿಯಿತು.

"ವಾಲ್ವ್ ಕಡೆಗೇ ಹಾಕು ಹಾರೆ" ಎಂದರು ಕೆಂಪಯ್ಯ.

ಟ್ರಾಕ್ಟರಿಗೆ ಅದು ಸರಿ. ಟ್ಯೂಬ್ ಇರುವ ಟೈರಿನಲ್ಲಿ ಕೊನೆಯ ಒತ್ತು ವಾಲ್ವ್ ಹತ್ತಿರವೇ ಬೀಳಬೇಕು, ಇಲ್ಲದಿದ್ದರೆ ಟ್ಯೂಬ್ ಸಿಕ್ಕಿಕೊಂಡು ಹರಿಯುತ್ತದೆ. ಈ ಟೈರಿನಲ್ಲಿ ಟ್ಯೂಬೇ ಇಲ್ಲ. ವಾಲ್ವಿನ ಬುಡದಲ್ಲಿ ಕೂತಿರುವುದು ಸೆನ್ಸರ್.

"ಮಾವ, ಆ ಕಡೆ ಒತ್ತಿದ್ರೆ ಸೆನ್ಸರ್ ಮುರೀತದೆ. ಈ ಕಡೆಯಿಂದ..."

"ಕೇಳುದ್ರಾ ವೀರಭದ್ರಯ್ಯನೋರೇ? ಯಡಿಯೂರಿಂದ ಇಂಜಿನಿಯರ್ ಬಂದವ್ನೆ ನಮ್ಮನೆಗೆ!"

ವೀರಭದ್ರಯ್ಯ ನಕ್ಕರು. ಕಾಫಿ ತಂದ ಗಂಗಾಧರನ ಹೆಂಡತಿ ಕಾವ್ಯಳೂ ನಕ್ಕಳು. "ಅಪ್ಪ ಹೇಳ್ದಂಗೆ ಮಾಡ್ರಿ, ಎದುರು ಮಾತು ಯಾಕೆ?"

ಎದುರಾಡಿದರೆ ಕಾರು ಕೈತಪ್ಪುವುದು ಖಂಡಿತ. ಒತ್ತಿದರೆ, ಅದೃಷ್ಟವಿದ್ದರೆ, ಸೆನ್ಸರ್ ಉಳಿದೀತು. ಅವ್ವನ ಮುಖ ನೆನೆದು ಗಂಗಾಧರ್ ವಾಲ್ವ್ ಕಡೆಗೇ ಹಾರೆ ಹಾಕಿ ಒತ್ತಿದ. ಒಳಗೆ ಚಟ್ ಎಂದಿತು.

ಎಲ್ಲರಿಗೂ ಕೇಳಿಸಿತು. ಕೆಂಪಯ್ಯ ಮಾತ್ರ ಒಂದು ಗಳಿಗೆಯೂ ತಡವರಿಸಲಿಲ್ಲ. "ಮೆಲ್ಲಗೆ ಒತ್ತು ಅಂದ್ರೆ ಕೋಣ ಗುದ್ದಿದಂಗೆ ಗುದ್ದುದ್ನಲ್ಲ! ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ಆವಾಗಿಂದ ಆ ಕಡೆ ಈ ಕಡೆ ಅಂತಿದ್ದ." ಎದ್ದು ಬಂದು, ಅಳಿಯನ ಅಂಗಿಯ ಜೇಬಿಗೆ ತಾವೇ ಕೈಹಾಕಿ ಕೀ ತೆಗೆದುಕೊಂಡರು. "ಇನ್ನೊಂದು ತರ್ಸು. ಲೈಟ್ ಆರ್ಲಿ. ಆಮೇಲೆ ನಿಮ್ಮವ್ವನ ಮೆರವಣಿಗೆ."

ಗಂಗಾಧರ್ ಹಾರೆ ಕೆಳಗಿಟ್ಟ. ಅವಮಾನದಿಂದ ಕಿವಿ ಸುಡುತ್ತಿತ್ತು. ಮನೆಯ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ನಿಂತ. ಅಲ್ಲೇ ಫೋನ್ ಬಂತು.

"ಮಗಾ, ನಾಳಿಕ್ಕೆ ಎಷ್ಟೊತ್ಗೆ ಬತ್ತೀಯ? ಮಗ ಕಾರು ತತ್ತಾನೆ ಅಂತ ಬೀದಿಗೆಲ್ಲ ಹೇಳಿವ್ನಿ ಕಣಪ್ಪ. ಎಲ್ರೂ ನೋಡಕ್ಕೆ ಬತ್ತಾರಂತೆ."

ಅಂಗಳದಲ್ಲಿ ನುಂಗಿದ್ದೆಲ್ಲ ಗಂಗಾಧರನ ಬಾಯಿಗೆ ಬಂತು. ಮಾವನಿಗೆ ಹೇಳಬೇಕಾದದ್ದಲ್ಲ, ಮಾವ ಹೇಳುವಂಥದ್ದು.

"ಯಾರ್ನ ಕೇಳಿ ಹೇಳ್ದೆ ನೀನು? ಕಾರಂತೆ ಕಾರು! ಈ ವಯಸ್ಸಲ್ಲಿ ಕಣ್ಣು ಕಂಡು ಏನ್ ನೋಡ್ಬೇಕಾಗೈತೆ ನಿಂಗೆ? ಬೇಕಾದ್ರೆ ಎಲ್ರಂಗೆ ಬಸ್ ಹತ್ಕೊಂಡ್ ಬಾ. ಬಿದ್ರೆ ಬೀಳು, ಇಲ್ದಿದ್ರೆ ಮನೇಲಿ ಬಿದ್ದಿರು!"

ಆ ಕಡೆಯಿಂದ ಅವ್ವ ಮೆಲ್ಲಗೆ, "ಆಗ್ಲಿ ಬುಡಪ್ಪ. ಅಲ್ಲಿ ನಿಂಗೆ ಯಾರಾರ ಏನಾರ ಅಂದ್ರಾ ಮಗಾ?"

ಅವ್ವನಿಗೆ ಎಲ್ಲ ಕಂಡಿತ್ತು. ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

"ನಂಗ್ಯಾರೂ ಏನೂ ಅನ್ನಲ್ಲ. ನಿನ್ನಿಂದ್ಲೇ ನಂಗೆ ಈ ಗ್ರಾಚಾರ" ಎಂದು ಫೋನ್ ಕತ್ತರಿಸಿದ.

ಅಂಗಳದಿಂದ ಕೆಂಪಯ್ಯ ಕೂಗಿದರು, ಅಂಗಳವೆಲ್ಲ ಟೈರಿನ ಮಸಿಯಾಗಿದೆ, ನೀರು ಹಾಕಿ ತೊಳಿ ಎಂದು.

"ಬಂದೇ ಮಾವ" ಎಂದ ಗಂಗಾಧರ್, ತುಂಬ ಮೃದುವಾಗಿ.